ಗುಲ್ಮದ ಬಾಗಿಲು

ಉಣಕಲ್ ಕೆರೆಯ ದಂಡೆಯ ಮೇಲಿನ ನಮ್ಮ ಕೇಂದ್ರದಲ್ಲಿ ಒಂದು ಉದ್ದನೆಯ ಗೋಡೆಯಿತ್ತು. ಗೋಡೆಯ ತುಂಬ ಗೆರೆಗಳು ಹರಿಯುತ್ತಿದ್ದವು. ಒಂದೊಂದು ಗೆರೆಯೂ ಒಬ್ಬೊಬ್ಬರ ರಕ್ತ. ಹುಬ್ಬಳ್ಳಿಯ ಯಾವುದೋ ಓಣಿಯಲ್ಲಿ, ಗದಗಿನ ಯಾವುದೋ ಮನೆಯ ಪಡಸಾಲೆಯಲ್ಲಿ, ಹಾವೇರಿಯ ಯಾವುದೋ ಅಂಗಡಿಯ ಗಲ್ಲೆಯ ಹಿಂದೆ ಕೂತವರ ಮೈಯೊಳಗೆ ಆ ಗಳಿಗೆಯಲ್ಲಿ ಎಷ್ಟು ಪ್ಲೇಟ್‌ಲೆಟ್‌ಗಳು ತೇಲುತ್ತಿವೆ ಎಂಬುದನ್ನು ಆ ಗೆರೆಗಳು ಹೇಳುತ್ತಿದ್ದವು. ಹಸಿರು, ನೀಲಿ, ಕುಂಕುಮದ ಬಣ್ಣ. ಅರ್ಧ ಕಣ್ಣು ಮುಚ್ಚಿ ನೋಡಿದರೆ ಅಜ್ಜಿ ಹೊಲಿದ ಕೌದಿಯನ್ನು ಯಾರೋ ಗೋಡೆಗೆ ಇಳಿಬಿಟ್ಟಂತೆ ಕಾಣುತ್ತಿತ್ತು. ಅರ್ಧ ಕಣ್ಣು ಮುಚ್ಚಿ ನೋಡುವುದು ನನ್ನ ಚಟ. ಅದಕ್ಕೇ ಪಕ್ಕದ ಕುರ್ಚಿಯ ಇಮ್ತಿಯಾಜ್ ನನ್ನನ್ನು "ನಿದ್ದಿ ಮೇಡಂ" ಎಂದು ಕರೆಯುತ್ತಿದ್ದ.

ಆ ಮಧ್ಯಾಹ್ನ ಅವನು ಹಾಗೆ ಕರೆಯಲಿಲ್ಲ.

"ಮಂದಾ, ಸ್ವಲ್ಪ ಇಲ್ಲಿ ಬಾ," ಅಂದ. "ನಿಮ್ಮ ಕಾಕಾನ ಗೆರಿ ಏರಾಕತ್ತೇತಿ."

ಮನೆಯವರ ಗೆರೆಯನ್ನು ಮನೆಯವರೇ ಕಾಯಬಾರದು ಎಂಬುದು ನಮ್ಮಲ್ಲಿಯ ನಿಯಮ. ಕೈ ನಡುಗುತ್ತದೆ, ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಹೀಗಾಗಿ ಗದಿಗೆಪ್ಪ ಕಾಕಾನ ಗೆರೆ ಇಮ್ತಿಯಾಜನ ಪಾಲಿಗೆ ಬಂದಿತ್ತು. ನಾನು ಎದ್ದು ಹೋಗಿ ನೋಡಿದೆ. ಮೂವತ್ತೈದು ಸಾವಿರಕ್ಕೂ ಐವತ್ತು ಸಾವಿರಕ್ಕೂ ನಡುವೆ ಇರಬೇಕಾದ ಗೆರೆ ಐವತ್ನಾಲ್ಕರಲ್ಲಿ ನಿಂತಿತ್ತು.

"ನೆಗಡಿ-ಗಿಗಡಿ ಬಂದ್ರೂ ಏರತೈತಿ," ಅಂದೆ.

"ನಾನೂ ಹಂಗ ಅನ್ಕೊಂಡು ಎರಡು ದಿನ ಬಾಯಿ ಮುಚ್ಕೊಂಡಿದ್ದೆ. ನೆಗಡಿ ಬಂದೈತೇನು ಅವರಿಗೆ?"

ಬಂದಿರಲಿಲ್ಲ.

*

ಅಪ್ಪ-ಅವ್ವ ಹೋದ ಮೇಲೆ ನನ್ನನ್ನು ಸಾಕಿದವರು ಅಜ್ಜಿ, ಅಪ್ಪನ ತಮ್ಮ ಗದಿಗೆಪ್ಪ ಕಾಕಾ ಮತ್ತು ಅವನ ಹೆಂಡತಿ ಫಕ್ಕೀರವ್ವ ಕಾಕು. ಕಾಕಾನಿಗೆ ಬಸ್ ಡಿಪೋದಲ್ಲಿ ತಗಡು ಬಡಿಯುವ ಕೆಲಸ. ವಾರಕ್ಕೊಮ್ಮೆಯಾದರೂ ಕೈಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬರುತ್ತಿದ್ದ. ಅಜ್ಜಿ ಅವನ ಗಾಯಕ್ಕೆ ಅರಿಸಿನ ಒತ್ತುತ್ತ, ಹೆದರಿ ಮೂಲೆ ಸೇರಿದ ನನಗೆ ಕಥೆ ಹೇಳುತ್ತಿದ್ದಳು.

"ರಕ್ತದಾಗ ಸಣ್ಣ ಸಣ್ಣ ಗೌಂಡ್ಯಾರು ಇರತಾರವಾ. ಸಾಸಿವಿ ಕಾಳಿಗಿಂತ ಸಣ್ಣವರು. ಗ್ವಾಡಿ ಎಲ್ಲೆರ ಬಿರಕ ಬಿಡ್ತು ಅಂದ್ರ ಓಡಿ ಹೋಗಿ ಗಾರಿ ಹಚ್ಚತಾರ. ಕೂಲಿ ಕೇಳಂಗಿಲ್ಲ, ಊಟಾ ಕೇಳಂಗಿಲ್ಲ."

"ಯಾರ ಮನಿ ಗ್ವಾಡಿಗೆ ಅಜ್ಜಿ?"

"ಅದನ್ನೂ ಕೇಳಂಗಿಲ್ಲ. ಅವರಿಗೆ ಕಣ್ಣಿಲ್ಲ, ಬರೇ ಕೈ."

ಮುಂದೆ ಕಾಲೇಜಿನಲ್ಲಿ ಪ್ಲೇಟ್‌ಲೆಟ್‌ಗಳ ಬಗ್ಗೆ ಓದುವಾಗ, ಸೂಕ್ಷ್ಮದರ್ಶಕದ ಚಿತ್ರದಲ್ಲಿ ಆ ಚಪ್ಪಟೆ ಬಿಲ್ಲೆಗಳನ್ನು ನೋಡಿ, ಇವರ ಗಾರೆಯ ಪುಟ್ಟಿ ಎಲ್ಲಿ, ಕರಣಿ ಎಲ್ಲಿ ಎಂದು ಹುಡುಕಿದವಳು ನಾನೊಬ್ಬಳೇ ಇರಬೇಕು.

ಕಾಕಾನಿಗೆ ಹರೆಯದಲ್ಲಿ ಬಂದ ಕಾಮಾಲೆ ಕಣ್ಣಿನಿಂದ ಇಳಿದಿತ್ತು, ಲಿವರಿನಿಂದ ಇಳಿದಿರಲಿಲ್ಲ. ಅದರ ವೈರಸ್ಸು ವರ್ಷಗಟ್ಟಲೆ ಅಲ್ಲೇ ಕೂತು ಲಿವರನ್ನು ಬಿರುಸು ಮಾಡಿ, ಕಡೆಗೊಂದು ದಿನ ಗಂಟು ಕಟ್ಟಿತು. ಕ್ಯಾನ್ಸರ್. ಕಾಕಾ ಒಂದು ಹನಿ ಕುಡಿದವನಲ್ಲ. ಆದರೂ ಲಿವರಿನ ರೋಗ ಅಂದ ಕೂಡಲೇ ಎದುರಿನವರ ಕಣ್ಣು ಸಣ್ಣಗಾಗುತ್ತಿದ್ದವು. "ಕುಡದಿದ್ರರ ಒಂದು ಸಮಾಧಾನ ಇರತಿತ್ತು ನೋಡು," ಎಂದು ಅವನೇ ನಗುತ್ತಿದ್ದ.

ಆ ಗಂಟನ್ನು ನಾನು ಊರೊಳಗೆ ಮನೆ ಕಟ್ಟಿಕೊಂಡ ಕಳ್ಳ ಎಂದು ಕಲ್ಪಿಸಿಕೊಳ್ಳುತ್ತಿದ್ದೆ. ಕಳ್ಳನ ಗೋಡೆಗೂ ಗಾರೆ ಹಚ್ಚುವವರು ಅದೇ ಗೌಂಡಿಗಳು. ಅವನ ಮಂದಿ ರಕ್ತದಲ್ಲಿ ಸುತ್ತಾಡಲು ಹೊರಟರೆ ಅವರ ಮೈಗೂ ಗಾರೆ ಮೆತ್ತಿ, ಕಾವಲಿನ ಬಿಳಿ ರಕ್ತಕಣಗಳಿಗೆ ಗುರುತು ಸಿಗದಂತೆ ಮಾಡಿಬಿಡುತ್ತಾರೆ. ದ್ರೋಹವಲ್ಲ ಅದು. ಅವರಿಗೆ ಕಣ್ಣಿಲ್ಲ, ಅಷ್ಟೆ.

ಹಾಗಾದರೆ ಗೌಂಡಿಗಳನ್ನೇ ಕಡಿಮೆ ಮಾಡಿದರೆ? ಇದೊಂದು ಪ್ರಶ್ನೆಯಿಂದ ನಮ್ಮ ಕೇಂದ್ರ ಹುಟ್ಟಿತು. ಎಡಪಕ್ಕೆಯ ಎಲುಬಿನ ಕೆಳಗೆ ಗುಲ್ಮವಿದೆ. ಪ್ಲೇಟ್‌ಲೆಟ್‌ಗಳನ್ನು ತನ್ನೊಳಗೆ ಕೂಡಿಟ್ಟುಕೊಳ್ಳುವ ಚೀಲ ಅದು. ಆ ಚೀಲದ ರಕ್ತನಾಳಕ್ಕೆ ನತ್ತಿನಷ್ಟು ಅಗಲದ ಉಂಗುರವೊಂದನ್ನು ತೊಡಿಸಿದರು. ಉಂಗುರ ಬಿಗಿದರೆ ಗೌಂಡಿಗಳು ಚೀಲದಲ್ಲೇ ಕೂರುತ್ತಾರೆ, ಸಡಿಲಿದರೆ ರಕ್ತಕ್ಕೆ ಇಳಿಯುತ್ತಾರೆ. ಮಣಿಕಟ್ಟಿನ ಪಟ್ಟಿಯೊಂದು ಚರ್ಮದ ಮೇಲಿಂದಲೇ ರಕ್ತವನ್ನು ಓದಿ, ಅಂಕಿಯನ್ನು ತಾನೂ ತೋರಿಸಿ ನಮ್ಮ ಗೋಡೆಗೂ ಕಳಿಸುತ್ತದೆ. ಉಂಗುರಕ್ಕೆ ಡಾಕ್ಟರುಗಳು ಇಟ್ಟ ಹೆಸರು ಗುಲ್ಮದ್ವಾರ. ಜನ ಅದನ್ನು ಬಾಗಿಲು ಅಂದರು, ನಮ್ಮ ಕೇಂದ್ರವನ್ನು ಬಾಗಲ ದವಾಖಾನಿ ಅಂದರು.

ಐವತ್ತು ಸಾವಿರದ ಮೇಲೆ ಹೋದರೆ ಕಳ್ಳನಿಗೆ ಹಬ್ಬ. ಮೂವತ್ತೈದರ ಕೆಳಗಿಳಿದರೆ ಒಸಡು, ಮೂಗು, ಅನ್ನನಾಳ, ಎಲ್ಲಿಂದ ಬೇಕಾದರೂ ರಕ್ತ ಒಡೆಯಬಹುದು. ಎರಡರ ನಡುವಿನ ಆ ಇಕ್ಕಟ್ಟು ಓಣಿಯಲ್ಲಿ ಕಾಕಾ ಒಂದೂವರೆ ವರ್ಷದಿಂದ ನಡೆಯುತ್ತಿದ್ದ.

ಆದರೆ ಕಳ್ಳನೂ ಕೈಕಟ್ಟಿ ಕೂರುವವನಲ್ಲ. ಒಂದು ಹಂತ ಮೀರಿ ಬೆಳೆದ ಗಂಟು, ಗೌಂಡಿಗಳ ತವರಾದ ಎಲುಬಿನ ಮಜ್ಜೆಗೆ ತಾನೇ ಹೇಳಿ ಕಳಿಸುತ್ತದೆ: ಇನ್ನಷ್ಟು ಮಂದಿಯನ್ನು ಕಳಿಸಿ. ಮಜ್ಜೆ ಕಳಿಸುತ್ತದೆ. ಆಗ ಬಾಗಿಲು ಎಷ್ಟು ಬಿಗಿದರೂ ಗೆರೆ ಏರುತ್ತದೆ, ಗುಲ್ಮ ಊದಿಕೊಂಡು ಒಡೆಯುವ ಹಾಗಾಗುತ್ತದೆ. ಅದಕ್ಕೇ ಬೇರೆ ಕಾರಣವಿಲ್ಲದೆ ಗೆರೆ ಅರವತ್ತನ್ನು ದಾಟಿದರೆ ಬಾಗಿಲನ್ನು ಪೂರ್ತಿ ತೆರೆದುಬಿಡಬೇಕು. ತೆರೆದ ಮೇಲೆ ಉಳಿಯುವುದು ಕೆಲವು ವಾರ. ಗಟ್ಟಿ ಮೈಯಾದರೆ ಒಂದೆರಡು ತಿಂಗಳು.

*

ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಚೂಪಾದದ್ದು ಯಾವುದೂ ಉಳಿದಿರಲಿಲ್ಲ. ಮಂಚದ ಮೂಲೆಗಳಿಗೆ, ಕಿಟಕಿಯ ಅಂಚಿಗೆ ಕಾಕು ಹಳೆಯ ಸೀರೆ ಸುತ್ತಿದ್ದಳು. ಈಳಿಗೆ ಅಟ್ಟ ಸೇರಿತ್ತು. ಕಾಕಾನ ಒಸಡಿಗೆ ಹತ್ತೀತೆಂದು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಯೇ ಕೊಡುತ್ತಿದ್ದಳು. ಬಾಗಿಲು ಹಾಕಿದ ಹೊಸದರಲ್ಲಿ ನರ್ಸು ಒಬ್ಬಳು, ಗಾಜಿನ ಬಳೆ ಒಡೆದರೆ ಪೇಶಂಟಿಗೆ ಗೀರೀತು, ತೆಗೆದಿಡಿ ಅಂದಾಗ ಕಾಕು ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿಬಿಟ್ಟಿದ್ದಳು. ಗಂಡ ಕಣ್ಣೆದುರಿಗಿರುವಾಗ ಬಳೆ ತೆಗೆಯುವುದುಂಟೆ? ಕಡೆಗೆ ಎರಡೂ ಕೈಯ ಹಸಿರು ಬಳೆಗಳಿಗೆ ಮೆತ್ತನೆಯ ನೂಲು ಸುತ್ತಿಕೊಂಡಳು. ಅಂದಿನಿಂದ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವಾಗ ಬಳೆಯ ಸಪ್ಪಳವಿರಲಿಲ್ಲ.

ಆ ಸಂಜೆ ನಾನು ಬರುವಾಗ ಕಾಕಾ ಕಟ್ಟೆಯ ಮೇಲೆ ಲೋಟ ಹಿಡಿದು ಮುಖ ಕಿವಿಚಿಕೊಂಡು ಕೂತಿದ್ದ.

"ಏನದು ಕಾಕಾ?"

"ಸರಬತ್ತು. ಕುಡಿತಿಯೇನು? ಒಂದು ಗುಟುಕಿಗೆ ಹುಟ್ಟಿದಾಗಿಂದ ತಿಂದ ಸಿಹಿ ಎಲ್ಲಾ ಹೊರಗ ಬರತೈತಿ."

"ಏನಿಲ್ಲಬೇ, ಕೊತ್ತಂಬರಿ ನೀರು," ಒಳಗಿನಿಂದ ಕಾಕು ಕೂಗಿದಳು.

ಕೊತ್ತಂಬರಿಗೆ ಅಂಥ ಕಪ್ಪು ಹಸಿರು ಬಣ್ಣವಿರುವುದಿಲ್ಲ. ಅಡುಗೆಮನೆಗೆ ಹೋಗಿ ಮಿಕ್ಸರಿನ ಮುಚ್ಚಳ ತೆಗೆದೆ. ಪಪ್ಪಾಯಿ ಎಲೆಯ ನಾರು ಬ್ಲೇಡಿಗೆ ಸುತ್ತಿಕೊಂಡಿತ್ತು.

"ಯಾವಾಗಿಂದ ಕೊಡಾಕತ್ತೀ ಕಾಕು?"

ಅವಳು ಒಲೆಯ ಕಡೆ ತಿರುಗಿಕೊಂಡಳು. "ಇಂದ್ರಾಬಾಯಾರ ಹಿತ್ತಲದಾಗಿಂದ ತಂದೇನಿ. ಅವರ ಮೊಮ್ಮಗಗ ಡೆಂಗೀ ಬಂದಾಗ ಇದನ್ನ ಕೊಟ್ಟಿದ್ರು."

ಆ ಡೆಂಗೀ ವರ್ಷವನ್ನು ನಮ್ಮ ಓಣಿಯಲ್ಲಿ ಯಾರೂ ಮರೆತಿಲ್ಲ. ಮನೆಗೊಬ್ಬರು ಮಲಗಿದ್ದರು. ಬೆಳಗಾದರೆ ಹೆಣ್ಣುಮಕ್ಕಳು ನಲ್ಲಿಯ ಹತ್ತಿರ "ಚಾ ಆತೇನ್ರಿ" ಎಂದು ಕೇಳುವ ಬದಲು "ಪ್ಲೇಟ್‌ಲೆಟ್ ಎಷ್ಟೈತ್ರಿ" ಎಂದು ಕೇಳುತ್ತಿದ್ದರು. ಎರಡು ಲಕ್ಷ ಅಂದರೆ ನಗು, ಒಂದು ಲಕ್ಷ ಅಂದರೆ ಹರಕೆ, ಐವತ್ತು ಸಾವಿರ ಅಂದರೆ ಅಳು. ಹಿತ್ತಲಲ್ಲಿ ಪಪ್ಪಾಯಿ ಗಿಡವಿದ್ದ ಇಂದ್ರಾಬಾಯಿ ಆಗ ಓಣಿಗೆಲ್ಲ ಎಲೆ ಹಂಚಿ ಅರ್ಧ ವೈದ್ಯೆಯೇ ಆಗಿಬಿಟ್ಟಿದ್ದಳು.

"ಕಡಿಮಿ ಇರಬೇಕು, ಕಡಿಮಿ ಇದ್ರನ ಚಲೋ ಅಂತ ನಾ ಬಡಕೊಂಡಿದ್ದಿಲ್ಲೇನು? ಗೌಂಡ್ಯಾರ ಕಥಿ ಹೇಳಿ ಹೇಳಿ ನನ್ನ ಬಾಯಿ ಒಣಗೇತಿ!"

"ಕಥಿ ಚಂದ ಇತ್ತವಾ," ಅಂದಳು ಕಾಕು, ಮೆಲ್ಲಗೆ. "ನಿಮ್ಮ ಅಜ್ಜಿ ಹೇಳಿಧಂಗ ಹೇಳತಿದ್ದಿ. ಆದ್ರ ಇವರ ಕೈಮ್ಯಾಲ ದಿನಾ ನಲವತ್ತು, ನಲವತ್ತು ಅಂತ ಮಿಣುಕತಿದ್ರ ನಾ ಹೆಂಗ ರೊಟ್ಟಿ ಬಡೀಲಿ? ನಲವತ್ತಕ್ಕ ಆ ಮೂಲಿಮನಿ ಹುಡುಗಿ ಹೋಗಿದ್ದು ನೋಡೇನಿ ನಾ."

ಬೈಯಲು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಆಗ ಹೊಳೆಯಿತು. ಗೆರೆ ಏರಿದ್ದು ಕಳ್ಳನ ಕರೆಯಿಂದಲ್ಲ. ಈ ಎಲೆಯಿಂದ!

"ಕಾಕು, ಏರಿಸಿದಾಕಿ ನೀನ! ನಿಂದನ ತಪ್ಪು!" ಎಂದು ಅವಳನ್ನು ತಬ್ಬಿಕೊಂಡೆ. ಏನೂ ತಿಳಿಯದೆ ಅವಳು ಅಳತೊಡಗಿದಳು. ತಿಳಿಸಿ ಹೇಳಿದ ಮೇಲೆ ಇನ್ನೂ ಜೋರಾಗಿ ಅತ್ತಳು, ನಡುನಡುವೆ ನಗುತ್ತ.

ಕಾಕಾ ಹೊಸ್ತಿಲಲ್ಲಿ ನಿಂತು ಲೋಟದ ತಳ ನೋಡುತ್ತಿದ್ದ. "ಹಂಗಾರ ಇದನ್ನ ಇನ್ನ ಕುಡೀಬೇಕಿಲ್ಲಲಾ? ದೇವರು ದೊಡ್ಡವ."

*

ಡಾಕ್ಟರ್ ಉಷಾ ಕಾಖಂಡಕಿ ನಮ್ಮ ಕೇಂದ್ರದ ಮುಖ್ಯಸ್ಥೆ. ಬಾಗಿಲು ಹಾಕುವವರೂ ತೆರೆಯಲು ಹೇಳುವವರೂ ಅವರೇ. ನನ್ನ ಮಾತನ್ನು ಪೂರ್ತಿ ಕೇಳಿದರು. ಕೇಳುವಾಗ ಅವರ ಮುಖದಲ್ಲಿ ನಾನು ಬಯಸಿದ ಬೆಳಕು ಕಾಣಲಿಲ್ಲ.

"ಎಲಿ ರಸದಿಂದ ಇಷ್ಟು ಏರತದ ಅಂತ ನನಗ ನಂಬಿಕಿ ಇಲ್ಲ ಮಂದಾಕಿನಿ. ಏರಂಗೇ ಇಲ್ಲ ಅಂತ ಹೇಳಲಿಕ್ಕೂ ನನ್ನ ಕಡೆ ಪುರಾವೆ ಇಲ್ಲ."

"ಆದ್ರ ಅದು ಹೊರಗಿನ ಕಾರಣ ಅಲ್ಲೇನ್ರೀ ಮೇಡಂ? ನಿಯಮದ ಪ್ರಕಾರ..."

"ಹೌದು. ಅದಕ್ಕ ಹತ್ತು ದಿನ ಕೊಡತೀನಿ. ಒಂದು ಪ್ಲೇಟ್‌ಲೆಟ್ ಬಾಳೋದೇ ಅಷ್ಟು. ಎಲಿ ಹುಟ್ಟಿಸಿದವು ಅಷ್ಟರಾಗ ತಾವೇ ಸತ್ತು ಹೋಗತಾವ. ಎಲಿ ಬಂದ್ ಮಾಡ್ರಿ. ಗೆರಿ ಇಳೀತಂದ್ರ ತಪ್ಪು ನಿಮ್ಮ ಕಾಕುಂದು, ಬಾಗಿಲಾ ಹಂಗೇ ಇರತದ. ಇಳೀಲಿಲ್ಲಂದ್ರ..."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

ಹೀಗೆ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಹಬ್ಬ ಸುರುವಾಯಿತು. ತಪ್ಪು ತನ್ನದೇ ಎಂದು ಕಾಕು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಳು. ನಲ್ಲಿಯ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ, ಮಠದ ಕಟ್ಟೆಯ ಮೇಲೆ. "ನಾನ ಕೆಡಿಸೀನ್ರಿ, ಎಲಿ ಕುಡಿಸಿ ನಾನ ಕೆಡಿಸೀನಿ," ಎಂದು ಅವಳು ಹೇಳುವಾಗ ಮಗಳಿಗೆ ಗಂಡು ಗೊತ್ತಾದ ತಾಯಿಯ ಮುಖ ಅವಳದು.

"ಈಕಿ ಇಷ್ಟು ಖುಷೀಲೆ ತಪ್ಪು ಒಪ್ಕೊಂಡಿದ್ದು ಮದುವ್ಯಾದಾಗಿಂದ ನಾ ನೋಡಿಲ್ಲ," ಅಂದ ಕಾಕಾ.

"ಸುಮ್ನಿರ್ರಿ. ನಿಮಗೇನು ಗೊತ್ತು, ನನ್ನ ಎಲಿ ಭಾಳ ಜೋರ ಇದ್ದವು."

ನಾಲ್ಕನೆಯ ದಿನ ಗೆರೆ ಒಂದಿಷ್ಟು ಇಳಿಯಿತು. ಐವತ್ತಾರಿದ್ದದ್ದು ಐವತ್ಮೂರು. ಇಮ್ತಿಯಾಜ್ ಕುರ್ಚಿಯನ್ನು ಗಿರ್ರನೆ ತಿರುಗಿಸಿ, "ನಿದ್ದಿ ಮೇಡಂ, ಸಿಹಿ ಎಲ್ಲಿ?" ಅಂದ. ಆ ಸಂಜೆ ಕಾಕು ಮಾದಲಿ ಮಾಡಿದಳು. ಬೆಲ್ಲದ ಪಾಕದ ವಾಸನೆ ಮನೆ ತುಂಬಿತು. ನಾನು ಕಣ್ಣು ಅರ್ಧ ಮುಚ್ಚಿ, ಗೌಂಡಿಗಳು ಕೆಲಸ ಮುಗಿಸಿ ಸಾಲುಸಾಲಾಗಿ ಚೀಲದೊಳಗೆ ಮರಳುತ್ತಿರುವುದನ್ನು ನೋಡಿದೆ. ತಲೆಯ ಮೇಲೆ ಖಾಲಿ ಪುಟ್ಟಿ, ಕಾಲಿಗೆ ಸುಣ್ಣದ ಧೂಳು.

ಮರುದಿನ ಐವತ್ತೈದು. ಅದರ ಮರುದಿನ ಐವತ್ತೇಳು.

ನಾನು ಹಿಂದಿನಿಂದ ಹಾದುಹೋಗುವಾಗ ಇಮ್ತಿಯಾಜ್ ತನ್ನ ಪರದೆಯನ್ನು ಗೋಡೆಯ ಕಡೆ ಚೂರು ತಿರುಗಿಸಿದ, ಅಷ್ಟೆ.

ಮನೆಯಲ್ಲಿ ಅಂಕಿ ಕಾಕಾನ ಮಣಿಕಟ್ಟಿನ ಮೇಲೇ ಇತ್ತು. ಯಾರು ಬೇಕಾದರೂ ಓದಬಹುದಿತ್ತು. ಕಾಕು ಅವನಿಗೆ ತುಂಬುದೋಳಿನ ಅಂಗಿ ತೊಡಿಸತೊಡಗಿದಳು.

ಆ ಹೊತ್ತಿಗೇ ಒಂದು ಸಂಜೆ ಕಾಕಾ ಕಟ್ಟೆಯ ಮೇಲಿದ್ದ, ನಾನು ಒಳಗೆ ಕಿಟಕಿಯ ಹತ್ತಿರ ಬಟ್ಟೆ ಮಡಚುತ್ತಿದ್ದೆ. ಮಗ್ಗುಲಿನ ಸಂದಿಯಿಂದ ಇಂದ್ರಾಬಾಯಿಯ ದನಿ ಬಂತು. ಕಾಕಾ ಅಲ್ಲಿರುವುದು ಅವಳಿಗೆ ಕಂಡಿರಲಿಲ್ಲ.

"ನಾ ಎಲಿ ಕೊಟ್ಟೆ, ಖರೆ. ಡಾಕ್ಟರನ್ನ ಕೇಳದಂಗ ಗಂಡಗ ಕುಡಸು ಅಂತ ನಾ ಹೇಳಿದ್ನೇನು? ಅಂಥಾ ದೊಡ್ಡ ಡಾಕ್ಟರು ಉಂಗುರಾ ಹಾಕಿ ಬದುಕಿಸಿದ್ರು, ಈಕಿ ಕೈಯಾರೆ ಕೊಂದ್ಲು ನೋಡು. ಆ ಪಾಪ ಸುಮ್ನ ಬಿಡತೈತೇನು?"

ಯಾರೋ ಲೊಚಗುಟ್ಟಿದರು. ಕಾಕಾ ಕದಲಲಿಲ್ಲ. ತೋಳನ್ನು ಮೇಲೆ ಸರಿಸಿ ತನ್ನ ಅಂಕಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ತೋಳನ್ನು ಮತ್ತೆ ಕೆಳಗೆಳೆದು ಗುಂಡಿ ಹಾಕಿಕೊಂಡ.

*

ಹತ್ತನೆಯ ದಿನ ಇಬ್ಬರೂ ಕೇಂದ್ರಕ್ಕೆ ಬಂದರು. ಕಾಕು ಮದುವೆಮನೆಗೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು. ಗೆರೆ ಅರವತ್ತೊಂದರಲ್ಲಿತ್ತು. ಡಾಕ್ಟರ್ ಉಷಾ ನನ್ನನ್ನೂ ಒಳಗೆ ಕರೆದರು.

ಅವರು ಮಾತು ಸುರು ಮಾಡುವುದರೊಳಗೆ ಕಾಕು ಮೇಜಿನ ಅಂಚು ಹಿಡಿದು ನಿಂತಳು. "ಬಾಯಾರ, ನಂದು ತಪ್ಪಾಗೇತ್ರಿ. ನಾ ಎಲಿ ಬಿಟ್ಟಿಲ್ರಿ."

"ಅಂದ್ರ?"

"ದಿನಾ ಕೊಟ್ಟೇನ್ರಿ. ನಿನ್ನಿನೂ ಕೊಟ್ಟೇನಿ, ಇವತ್ತು ಮುಂಜಾನಿನೂ ಕೊಟ್ಟೇನಿ. ಮನಸ ತಡೀಲಿಲ್ರಿ. ಅದಕ್ಕ ಏರೇತಿ. ಇನ್ನ ಮ್ಯಾಲ ಕೊಡಂಗಿಲ್ಲ, ನಿಮ್ಮ ಕಾಲಿಗೆ ಬೀಳತೇನಿ, ಇನ್ನೊಂದ್ ಹತ್ತು ದಿನಾ ನೋಡ್ರಿ."

ಮಿಕ್ಸರು ಹತ್ತು ದಿನದಿಂದ ಅಟ್ಟದ ಮೇಲಿತ್ತು. ಅದನ್ನು ಅಲ್ಲಿಟ್ಟವಳು ನಾನೇ.

ಡಾಕ್ಟರ್ ಉಷಾ ನನ್ನ ಕಡೆ ತಿರುಗಿದರು. "ಮಂದಾಕಿನಿ, ನೀ ಅದೇ ಮನ್ಯಾಗ ಇರತೀ. ಹೌದೇನು?"

ಬಾಗಿಲು ಬಿಗಿದೇ ಇದ್ದರೆ ಗುಲ್ಮ ಎಷ್ಟು ಊದಬಹುದು, ಎಂಥ ನೋವು ಕೊಡಬಹುದು ಎಂಬುದು ಆ ಕೋಣೆಯಲ್ಲಿ ಡಾಕ್ಟರನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು. ಮೇಜಿನ ಅಂಚಿನ ಮೇಲೆ ಕಾಕುವಿನ ನೂಲು ಸುತ್ತಿದ ಬಳೆಗಳು ಸಪ್ಪಳವಿಲ್ಲದೆ ಒಂದಕ್ಕೊಂದು ತಾಗುತ್ತಿದ್ದವು.

"ಹೌದ್ರೀ ಮೇಡಂ," ಅಂದೆ. "ಕೊಟ್ಟಾಳ."

ಕಾಕಾ ಗಂಟಲು ಸರಿಮಾಡಿಕೊಂಡ.

"ಇಬ್ಬರೂ ಸುಳ್ಳು ಹೇಳಾಕತ್ತಾರ್ರಿ," ಅಂದ, ಮಕ್ಕಳ ಕಿತಾಪತಿಯನ್ನು ಮಾಸ್ತರರಿಗೆ ಹೇಳುವವನ ಹಾಗೆ. "ಕುಡದಾಂವ ನಾನಲ್ಲೇನ್ರಿ? ಹತ್ತು ದಿನದಿಂದ ಒಂದು ಹನಿ ಎಲಿ ರಸ ನನ್ನ ಬಾಯಿಗೆ ಬಿದ್ದಿಲ್ಲ. ಅದು ಬಿದ್ರ ಮರೆಯೂವಂಥಾದ್ದಲ್ಲ ಬಿಡ್ರಿ."

"ನೀವು ಸುಮ್ನಿರ್ರಿ!" ಕಾಕು ಅವನ ಬಾಯಿ ಮುಚ್ಚಲು ಹೋದಳು. ಅವನು ಅವಳ ಕೈಯನ್ನು ಮೆಲ್ಲಗೆ ಹಿಡಿದು ತನ್ನ ತೊಡೆಯ ಮೇಲಿಟ್ಟುಕೊಂಡ.

"ಬಾಯಾರ, ಒಂದು ಮಾತು ಬಿಡಿಸಿ ಹೇಳ್ರಿ. ಈಕಿ ಕೊಟ್ಟಿದ್ದರಿಂದ ನನಗ ಏನರ ಆತೇನು?"

ಡಾಕ್ಟರ್ ಉಷಾ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡರು. "ಇಲ್ಲ, ಗದಿಗೆಪ್ಪನವರ. ಎಲಿಯಿಂದ ಅಲ್ಲ. ಗಂಟೇ ಬೆಳದದ."

"ಈಕಿಗೆ ಕೇಳೂವಂಗ ಹೇಳ್ರಿ."

"ಫಕ್ಕೀರವ್ವಾರ, ನಿಮ್ಮಿಂದ ಏನೂ ಆಗಿಲ್ಲ."

"ಆಗೇತ್ರಿ!" ಡಾಕ್ಟರರ ಮುಂದೆ ಕೂತು ಮಾತಾಡಲೂ ಹಿಂಜರಿಯುತ್ತಿದ್ದ ನನ್ನ ಕಾಕು ಕಿರುಚಿದಳು. "ನನ್ನಿಂದನ ಆಗೇತಿ! ಓಣಿ ಮಂದಿನ್ನ ಬೇಕಾದ್ರ ಕೇಳ್ರಿ! ನನ್ನಿಂದನ ಆಗೇತಿ ಅಂತ ಬರಕೋರಿ!"

ಹೊರಗೆ ಗೋಡೆಯ ಮುಂದೆ ಕೂತವರೆಲ್ಲ ಈ ಕಡೆ ತಿರುಗಿದರು. ಕಾಕಾ ಅವಳ ಕೈ ಬಿಡಲಿಲ್ಲ.

ಆಟೋದಲ್ಲಿ ಮನೆಗೆ ಹೋಗುವಾಗ ಅವಳು ಅವನ ಕಡೆ ನೋಡಲೇ ಇಲ್ಲ. ಹೊಸೂರು ಸರ್ಕಲ್ಲಿನ ಗದ್ದಲ ದಾಟಿದ ಮೇಲೆ, "ಯಾಕ ಹೇಳಿದ್ರಿ?" ಅಂದಳು. "ಹತ್ತು ದಿನಾ ಸಿಗತಿದ್ವು. ಯಾಕ ಹೇಳಿದ್ರಿ?"

"ನಾ ಹೋದಮ್ಯಾಲ ಆ ಓಣ್ಯಾಗ ನೀ ನೀರು ತುಂಬಬೇಕು," ಅಂದ ಕಾಕಾ. "ಆ ನಲ್ಲಿ ಮುಂದನ."

*

ಬಾಗಿಲು ತೆರೆಯಲು ಇಬ್ಬರು ಬೇಕು. ಒಬ್ಬರು ಆಜ್ಞೆ ಕೊಡುತ್ತಾರೆ, ಇನ್ನೊಬ್ಬರು ಹೌದೆನ್ನುತ್ತಾರೆ. ಇಮ್ತಿಯಾಜನ ಜೊತೆ ಬೇರೆ ಯಾರಾದರೂ ಕೂರಬಹುದಿತ್ತು. ನಿಯಮದ ಪ್ರಕಾರ ಬೇರೆಯವರೇ ಕೂರಬೇಕಿತ್ತು. ಡಾಕ್ಟರ್ ಉಷಾ ನನ್ನನ್ನು ನೋಡಿ ತಮ್ಮ ಕೋಣೆಯ ಕದ ಹಾಕಿಕೊಂಡರು. ನಾನು ಕೂತೆ.

"ತಯಾರ ಅದಿಯೇನು?" ಇಮ್ತಿಯಾಜ್ ಕೇಳಿದ.

"ಹೂಂ."

ಗೆರೆ ಒಂದು ಗಳಿಗೆ ಅನುಮಾನಿಸಿತು. ಆಮೇಲೆ ಏರಿತು. ಎಪ್ಪತ್ತು. ತೊಂಬತ್ತು. ಒಂದು ಲಕ್ಷ. ಒಂದೂವರೆ ವರ್ಷ ಬಿಗಿದಿದ್ದ ಕತ್ತಲೆಯ ಚೀಲದಲ್ಲಿ ಸರದಿ ಕಾದು ಕೂತ ಗೌಂಡಿಗಳೆಲ್ಲ ಒಮ್ಮೆಲೇ ಬೀದಿಗೆ ಬಿದ್ದಿದ್ದರು. ಒಸಡಿಗೆ ಓಡಿದರು, ಮೂಗಿಗೆ ಓಡಿದರು, ಎಷ್ಟೋ ದಿನದಿಂದ ಜಿನುಗುತ್ತಿದ್ದ ಬಿರುಕುಗಳನ್ನೆಲ್ಲ ಮೆತ್ತಿದರು. ಮತ್ತೆ ಅದೇ ಉಸಿರಿನಲ್ಲಿ, ಅದೇ ಗಾರೆಯ ಪುಟ್ಟಿ ಹೊತ್ತು, ಯಾರ ಮನೆ ಎಂದು ಕೇಳದೆ ಲಿವರಿನ ಕಡೆ ನಡೆದರು.

ಒಂದು ಲಕ್ಷ ಅರವತ್ತು ಸಾವಿರದಲ್ಲಿ ಗೆರೆ ನಿಂತಿತು. ಇಡೀ ಗೋಡೆಯ ಮೇಲೆ ಅಷ್ಟು ಎತ್ತರದ, ಅಷ್ಟು ಆರೋಗ್ಯವಂತ ಗೆರೆ ಬೇರೊಂದಿರಲಿಲ್ಲ.

ಮನೆಯಲ್ಲಿ ಕಾಕಾನಿಗೆ ಬಂದ ಹುರುಪು ನೋಡಬೇಕಿತ್ತು. ಒಸಡಿನ ರಕ್ತ ನಿಂತಿತು. ಕಟಕ ರೊಟ್ಟಿಯನ್ನು ಕಟಕಟ ಕಡಿದು, ಶೇಂಗಾ ಚಟ್ನಿ ಇನ್ನೊಂದಿಷ್ಟು ಹಾಕು ಅಂದ. ಮಂಚದ ಮೂಲೆಯ ಸೀರೆಗಳನ್ನು ತಾನೇ ಬಿಚ್ಚಿದ. ಒಂದು ಮುಂಜಾನೆ ಸಲೂನಿಗೆ ಹೋಗಿ ಕತ್ತಿಯಿಂದಲೇ ಗಡ್ಡ ಹೆರೆಸಿಕೊಂಡು, ಗಲ್ಲಕ್ಕೆ ಪಟಕದ ಕಲ್ಲು ತಿಕ್ಕಿಸಿಕೊಂಡು, ಓಣಿಯ ತುಂಬ ಘಮಘಮ ಎನ್ನುತ್ತ ಬಂದ. ಹೊಟ್ಟೆ ಮಾತ್ರ ದಿನದಿಂದ ದಿನಕ್ಕೆ ಬಿಗಿಯುತ್ತಿತ್ತು. ಅಂಗಿ ಹೊರಗೆ ಬಿಟ್ಟರೆ ಅದು ಕಾಣುತ್ತಿರಲಿಲ್ಲ.

ಅವತ್ತು ಅವನು ಗಿಡ್ಡ ತೋಳಿನ ಅಂಗಿ ತೊಟ್ಟಿದ್ದ. ಕಟ್ಟೆಯ ಮುಂದೆ ಹಾದು ಹೋಗುತ್ತಿದ್ದ ಇಂದ್ರಾಬಾಯಿ ನಿಂತಳು. ಅವನ ಮಣಿಕಟ್ಟಿನ ಕಡೆ ಬಗ್ಗಿ, ಕಣ್ಣು ಕಿರಿದು ಮಾಡಿ ಓದಿದಳು.

"ಯವ್ವಾ, ಒಂದು ಲಕ್ಷದ ಅರವತ್ತು ಸಾವಿರ! ಏ ಫಕ್ಕೀರವ್ವಾ, ಬಾ ಹೊರಗ! ಯಾಕಬೇ ಹೇಳಿಲ್ಲ ನಮಗ? ನಿನ್ನ ಗಂಡ ಆರಾಮ ಆಗ್ಯಾನಲ್ಲ!"

ಕಾಕು ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದಳು. ಅಷ್ಟರಲ್ಲಿ ಇನ್ನೂ ಮೂರ್ನಾಲ್ಕು ಹೆಣ್ಣುಮಕ್ಕಳು ಕೊಡ ಇಳಿಸಿ ಕೂಡಿದ್ದರು.

"ನಾ ಹೇಳಿದ್ದಿಲ್ಲೇನು?" ಇಂದ್ರಾಬಾಯಿ ಅವರ ಕಡೆ ತಿರುಗಿದಳು. "ಡಾಕ್ಟರು ಬ್ಯಾಡ ಅಂದ್ರೂ ಈಕಿ ಧೈರ್ಯಾ ಮಾಡಿ ಕುಡಿಸಿದ್ಲು. ಈಗ ನೋಡ್ರಿ! ಗಂಡನ್ನ ಉಳಿಸ್ಕೊಳ್ಳೂದಂದ್ರ ಹಿಂಗ!" ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಕಾಕುವಿನ ಎರಡೂ ಗಲ್ಲ ನೇವರಿಸಿ ದೃಷ್ಟಿ ತಾಕದಿರಲೆಂದು ತನ್ನ ಕಿವಿಯ ಹತ್ತಿರ ಲಟಿಕೆ ಮುರಿದಳು.

ಕಾಕು ಕಾಕಾನ ಮುಖ ನೋಡಿದಳು. ಡಾಕ್ಟರರ ಎದುರಿಗೆ ಅವಳ ಸುಳ್ಳನ್ನು ಬಿಚ್ಚಿಟ್ಟವನು ಈಗಲೂ ಬಾಯಿ ತೆರೆಯುತ್ತಾನೇನೋ ಎಂದು ಕಾದಳು. ಅವನು ಓಣಿಯ ಆ ತುದಿಯಲ್ಲಿ ಯಾರೋ ಸ್ಕೂಟರ್ ಹತ್ತುತ್ತಿರುವುದನ್ನು ನೋಡುತ್ತ ಕೂತಿದ್ದ.

"ಹೌದ್ರಿ," ಅಂದಳು ಕಾಕು. "ನಮ್ಮನಿಯವರು ಆರಾಮ ಆದ್ರು."

"ಬರೇ ಬಾಯಿಮಾತಿಲೆ ಆಗಂಗಿಲ್ಲ. ಬಾಯಿ ಸಿಹಿ ಮಾಡವಾ!"

ಅವಳು ಒಳಗೆ ಹೋಗಿ ಸಕ್ಕರೆಯ ಡಬ್ಬಿ ತಂದಳು. ಒಬ್ಬೊಬ್ಬರ ಅಂಗೈಗೂ ಒಂದೊಂದು ಚಿಟಿಕೆ ಹಾಕುತ್ತ ಬಂದಳು. ಇಂದ್ರಾಬಾಯಿಗೆ ಎರಡು ಚಿಟಿಕೆ. ಕಾಕಾನ ತುಟಿಗೆ ತಾನೇ ಹಚ್ಚಿದಳು. ಕಡೆಗೆ ಬಾಗಿಲಿಗೆ ಆತು ನಿಂತಿದ್ದ ನನ್ನ ಮುಂದೆ ಬಂದಳು. ನಾನು ಕೈ ಚಾಚಲಿಲ್ಲ. ಅವಳೇ ನನ್ನ ಮುಷ್ಟಿ ಬಿಡಿಸಿ ಸಕ್ಕರೆ ಸುರಿದಳು.

"ತಿನ್ನು," ಅಂದಳು.

ತಿಂದೆ.